ಗೋಷ್ವಾರೆಯ ಅಂಕಿಗಳು ಮತ್ತು ಆವರ್ತನ ಸಂಖ್ಯೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಅಂಗಡಿಗಳಲ್ಲಿ ಪ್ರತಿದಿನದ ಮಾರಾಟ ಕಿರ್ದಿಯಲ್ಲಿ ನಮೂದಾಗುತ್ತದೆ. ತಿಂಗಳ ಕೊನೆಗೆ ಕೈಗೆ ಬರುವುದು ಗೋಷ್ವಾರೆ. ಯಾವ ದರದ ಮಾಲು ಎಷ್ಟು ಹೋಯಿತೆಂಬ ಆ ನಾಲ್ಕಾರು ಸಾಲುಗಳನ್ನೇ ಗಣಕಯಂತ್ರದಲ್ಲಿ ತುಂಬಿ ಲೆಕ್ಕ ತೆಗೆಯುವವರು ಅನೇಕರು. ಅದರಲ್ಲಿ ತಪ್ಪಿಲ್ಲ. ಆದರೆ ಒಂದು ಸಾಲಿನಲ್ಲಿ ಎಷ್ಟು ಮಾರಾಟಗಳು ಅಡಗಿವೆ ಎಂಬುದನ್ನು ತಿಳಿಸದಿದ್ದರೆ ತಂತ್ರಾಂಶವು ಪ್ರತಿ ಸಾಲನ್ನೂ ಒಂದೇ ಮಾರಾಟವೆಂದು ಎಣಿಸುತ್ತದೆ.

ಇಳಕಲ್ಲಿನ ಅಂಗಡಿಯೊಂದರಲ್ಲಿ 800 ರೂಪಾಯಿಯ 240, 1,500ರ 120, 4,000ದ 30, 9,000ದ 10 ಸೀರೆಗಳು ಮಾರಾಟವಾದವೆಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ನಾಲ್ಕು ದರಗಳ ಸರಾಸರಿ 3,825 ರೂಪಾಯಿ. ಪ್ರತಿ ದರವನ್ನು ಸಂಖ್ಯೆಯಿಂದ ಗುಣಿಸಿ, ಮೊತ್ತವನ್ನು 400ರಿಂದ ಭಾಗಿಸಿದರೆ 1,455. ಮೊದಲನೆಯದನ್ನು ನಂಬಿ ಹಬ್ಬಕ್ಕೆ ರೇಷ್ಮೆ ಮಾಲು ತುಂಬಿದವರ ಬಂಡವಾಳ ಕಪಾಟಿನಲ್ಲೇ ಉಳಿದೀತು. 1,455ರ ಸೀರೆಯೂ ಅಂಗಡಿಯಲ್ಲಿಲ್ಲ ಎಂಬುದು ಬೇರೆ ಮಾತು. ಖರೀದಿಗೆ ಇಲ್ಲಿ ಮಧ್ಯಾಂಕವಾದ 800 ರೂಪಾಯಿಯೇ ಹೆಚ್ಚು ಉಪಯುಕ್ತ.

ಎಸ್‌ಪಿಎಸ್‌ಎಸ್ ತಂತ್ರಾಂಶದಲ್ಲಿಯೂ ಉಚಿತವಾಗಿ ದೊರೆಯುವ ಪಿಎಸ್‌ಪಿಪಿಯಲ್ಲಿಯೂ ‘ಡೇಟಾ’ ಪಟ್ಟಿಯೊಳಗೆ ‘ವೇಟ್ ಕೇಸಸ್’ ಎಂಬ ಆಯ್ಕೆಯಿದೆ. ಸಂಖ್ಯೆ ಬರೆದ ಕಾಲಮನ್ನು ಅಲ್ಲಿ ಆವರ್ತನವೆಂದು ಸೂಚಿಸಿದರೆ ನಾಲ್ಕು ಸಾಲುಗಳು 400 ಮಾರಾಟಗಳಾಗಿ ಲೆಕ್ಕಕ್ಕೆ ಬರುತ್ತವೆ.

ಎರಡು ಗುಂಪುಗಳನ್ನು ಹೋಲಿಸುವಾಗ ಇದರ ಮಹತ್ವ ಇನ್ನೂ ಹೆಚ್ಚು. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಸೆರಗಿನ ಕೆಂಪು ಒಗೆತದಲ್ಲಿ ಬಣ್ಣ ಬಿಟ್ಟರೆ ಇಡೀ ಸೀರೆ ಕೆಡುತ್ತದೆ. ಇಬ್ಬರು ಬಣ್ಣಗಾರರಿಂದ ತಲಾ 200 ಸೀರೆಗಳ ನೂಲಿಗೆ ಬಣ್ಣ ಹಾಕಿಸಿದಾಗ ಒಬ್ಬರಲ್ಲಿ 10, ಇನ್ನೊಬ್ಬರಲ್ಲಿ 24 ಸೀರೆಗಳು ಬಣ್ಣ ಬಿಟ್ಟು ಮರಳಿದವೆಂದು ಭಾವಿಸಬಹುದು. ಈ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂದು ತಿಳಿಯಲು ಕೈ-ವರ್ಗ ಪರೀಕ್ಷೆ ಬಳಸುತ್ತಾರೆ. ಬಣ್ಣಗಾರ, ಫಲಿತಾಂಶ, ಸಂಖ್ಯೆ ಎಂಬ ಮೂರು ಕಾಲಮುಗಳಲ್ಲಿ ನಾಲ್ಕು ಸಾಲು ತುಂಬಬೇಕು: 10, 190, 24, 176. ಆವರ್ತನ ಸೂಚಿಸದಿದ್ದರೆ ಪ್ರತಿ ಮನೆಯಲ್ಲಿಯೂ ಒಂದೊಂದೇ ಸೀರೆಯೆಂದಾಗಿ ಉತ್ತರ ಸೊನ್ನೆ. ಸೂಚಿಸಿದರೆ 6.30. ಶೇಕಡಾ 5ರ ಮಟ್ಟದಲ್ಲಿ ಎಲ್ಲೆ 3.84 ಆದುದರಿಂದ ವ್ಯತ್ಯಾಸವನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು.

ಸಂಖ್ಯೆಯ ಬದಲು ಶೇಕಡಾವಾರು ತುಂಬುವುದು ಸಾಮಾನ್ಯ ದೋಷ. 5, 95, 12, 88 ಎಂದು ಬರೆದರೆ ಉತ್ತರ 3.15ಕ್ಕೆ ಇಳಿಯುತ್ತದೆ, 400 ಸೀರೆಗಳ ಸಾಕ್ಷ್ಯ 200ಕ್ಕೆ ಕುಗ್ಗಿ, ತೀರ್ಮಾನವೇ ತಿರುಗಿಬೀಳುತ್ತದೆ. ಹಾಗೆಯೇ ರೂಪಾಯಿ ಮೊತ್ತವನ್ನಾಗಲೀ ಬಟ್ಟೆಯ ಮೀಟರನ್ನಾಗಲೀ ಆವರ್ತನವಾಗಿ ಕೊಡಬಾರದು. ಲಕ್ಷ ರೂಪಾಯಿ ವಹಿವಾಟು ಲಕ್ಷ ಗಿರಾಕಿಗಳಲ್ಲ.

ಮರಳಿದ 24 ಸೀರೆಗಳೂ ಒಂದೇ ಹಂಡೆಯ ಬಣ್ಣದವಾಗಿದ್ದರೆ ಅವು 24 ಪ್ರತ್ಯೇಕ ಘಟನೆಗಳಲ್ಲ, ಒಂದೇ ಹಂಡೆ ಕೆಟ್ಟದ್ದು. ಆಗ 6.30 ಎಂಬ ಅಂಕಿಯನ್ನು ಮುಂದಿಟ್ಟು ಬಣ್ಣಗಾರನನ್ನು ಬಿಡುವುದು ಅನ್ಯಾಯವಾದೀತು. ಹಂಡೆಯ ವಿವರ ಗೋಷ್ವಾರೆಯಲ್ಲಿ ಇರುವುದಿಲ್ಲ. ಅದಕ್ಕೆ ಕಿರ್ದಿಯನ್ನೇ ತೆರೆದು ನೋಡಬೇಕು.