ಅನ್ಯಲೋಕದವರಿಗೂ ನೆಲ-ನೀರು ಬೇಕು

ಚಂದಗಡ, ಗಡಹಿಂಗ್ಲಜ ಕಡೆಯ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಬೇರೆ ಗ್ರಹದ ಕಥೆ ಬರೆಯುವವರು ಹೆಚ್ಚಾಗಿದ್ದೀರಿ. ಸಂತೋಷದ ಮಾತು. ಕೆಲವನ್ನು ಓದಿದ್ದೇನೆ, ಅದಕ್ಕೇ ಹಿರಿಯನಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ. ನಿಮ್ಮ ಅನ್ಯಲೋಕದವರಿಗೆಲ್ಲ ಹಸಿರು ಚರ್ಮ, ಮೂರು ಕಣ್ಣು, ಒಬ್ಬ ರಾಜ, ಒಂದೇ ಭಾಷೆ. ಒಂದು ಗ್ರಹದವರೆಲ್ಲ ಜಗಳಗಂಟರು, ಇನ್ನೊಂದರವರೆಲ್ಲ ಜ್ಞಾನಿಗಳು. ಇವರು ಬೆಳಿಗ್ಗೆ ಎದ್ದು ಏನು ತಿನ್ನುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಸತ್ತವರನ್ನು ಏನು ಮಾಡುತ್ತಾರೆ ಎಂದು ಹುಡುಕಿದರೆ ಇಡೀ ಕಥೆಯಲ್ಲಿ ಎಲ್ಲೂ ಸಿಗುವುದಿಲ್ಲ. ಮುಖದಿಂದ ಶುರು ಮಾಡಿದ್ದರ ಫಲ ಇದು. ನೆಲ-ನೀರಿನಿಂದ ಶುರು ಮಾಡಿ; ಮುಖ, ಮಾತು, ದೇವರು, ಜಗಳ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಈ ಕೆಲಸಕ್ಕೆ ನೀವೇ ಮೊದಲಿಗರಲ್ಲ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಜೈನಾಚಾರ್ಯ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನದಲ್ಲಿ ಅಂತರದ್ವೀಪಗಳ ಮನುಷ್ಯರ ವಿವರ ಬರುತ್ತದೆ. ನಮ್ಮ ಲೋಕವನ್ನು ಸುತ್ತುವರಿದ ಲವಣಸಮುದ್ರದ ದ್ವೀಪಗಳವು. ಒಂದು ದಿಕ್ಕಿನಲ್ಲಿ ಒಂಟಿ ಕಾಲಿನವರು, ಇನ್ನೊಂದರಲ್ಲಿ ಬಾಲವುಳ್ಳವರು, ಮತ್ತೊಂದರಲ್ಲಿ ಕೊಂಬಿನವರು, ನಾಲ್ಕನೆಯದರಲ್ಲಿ ಮಾತೇ ಇಲ್ಲದವರು. ನಡುವಿನ ದಿಕ್ಕುಗಳಲ್ಲಿ ಮೊಲದ ಕಿವಿಯವರಿದ್ದಾರೆ, ಕಿವಿಯನ್ನೇ ಹೊದ್ದುಕೊಳ್ಳುವಷ್ಟು ದೊಡ್ಡ ಕಿವಿಯವರೂ ಇದ್ದಾರೆ. ಇಷ್ಟಕ್ಕೇ ನಿಂತಿದ್ದರೆ ಅದು ಜಾತ್ರೆಯ ಚಿತ್ರಪಟವಾಗುತ್ತಿತ್ತು. ಪೂಜ್ಯಪಾದರು ಇನ್ನೊಂದು ಮಾತು ಸೇರಿಸಿದ್ದಾರೆ: ಒಂಟಿ ಕಾಲಿನವರು ಮಣ್ಣು ತಿಂದು ಗುಹೆಗಳಲ್ಲಿ ಇರುತ್ತಾರೆ, ಉಳಿದವರು ಹೂ ಹಣ್ಣು ತಿಂದು ಮರಗಳಲ್ಲಿ ಇರುತ್ತಾರೆ. ಒಂಟಿ ಕಾಲಿನವನು ಮರ ಹತ್ತುವುದು ಹೇಗೆ ಎಂದು ನಾವು ಕೇಳುವ ಮೊದಲೇ ಅವನಿಗೊಂದು ಗುಹೆ ಸಿಕ್ಕಿದೆ. ಈ ಭಾಗದ ಜೈನ ಮನೆಗಳಲ್ಲಿ ಹುಟ್ಟಿದ ನಿಮ್ಮಲ್ಲಿ ಕೆಲವರು ಇದನ್ನು ಅಜ್ಜಂದಿರ ಬಾಯಲ್ಲಿ ಕೇಳಿರಲೂಬಹುದು. ದೇಹ, ಅನ್ನ, ಮನೆ ಮೂರನ್ನೂ ಒಟ್ಟಿಗೆ ಹೇಳಿದ ಆ ಜಾಣತನವನ್ನು ಅಲ್ಲಿಂದ ಕಲಿಯಿರಿ.

ಹತ್ತಿರದ ಕಾಲದವರು ಬೇಕೆಂದರೆ ಜಯಂತ ನಾರಳೀಕರರನ್ನು ನೋಡಿ. ಹುಟ್ಟಿದ್ದು ನಮ್ಮ ಜಿಲ್ಲೆಯ ಕೊಲ್ಹಾಪುರದಲ್ಲೇ, 1938ರ ಜುಲೈ 19ರಂದು. ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಜೊತೆ ಗುರುತ್ವದ ಸಿದ್ಧಾಂತ ಕಟ್ಟಿದ ದೊಡ್ಡ ವಿಜ್ಞಾನಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಕಪ್ಪುಕುಳಿಯ ಮೇಲೊಂದು ಕಥೆ ಬರೆದು, ತಮ್ಮ ಇನಿಶಿಯಲ್‌ಗಳನ್ನು ತಿರುವುಮುರುವು ಮಾಡಿ ನಾರಾಯಣ ವಿನಾಯಕ ಜಗತಾಪ ಎಂಬ ಸುಳ್ಳು ಹೆಸರಿನಲ್ಲಿ ಕಳಿಸಿದರು. ದೊಡ್ಡ ಹೆಸರು ನೋಡಿ ಬಹುಮಾನ ಕೊಡುವುದು ಬೇಡ ಎಂಬ ಎಚ್ಚರ. ಮೊದಲ ಬಹುಮಾನ ಬಂತು. ಮುಂದೆ ಅವರು ಪ್ರಕಟಿಸಿದ ಕಥಾಸಂಗ್ರಹದ ಹೆಸರು ‘ಯಕ್ಷಾಂಚಿ ದೇಣಗೀ’. ಜಗತ್ತೆಲ್ಲ ಓದುವ ಇಂಗ್ಲಿಷು ಕೈಯಲ್ಲಿದ್ದರೂ ಕಥೆಗೆ ಅವರು ಹಿಡಿದದ್ದು ಮನೆಯ ಮರಾಠಿಯನ್ನು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಇದೇ ದಾರಿಯಲ್ಲಿ ನಡೆದವರು. ಹಾಗಾಗಿ ನಮ್ಮ ಭಾಷೆಯಲ್ಲಿ ಗ್ರಹಾಂತರದ ಕಥೆ ನಡೆಯುತ್ತದೆಯೇ ಎಂಬ ಅನುಮಾನವನ್ನು ಮನಸ್ಸಿನಿಂದ ತೆಗೆದುಹಾಕಿ.

ಈಗ ಕಸುಬಿಗೆ ಬರೋಣ. ಮೊದಲ ಪಾಠ: ಗ್ರಹ ದೇಹವನ್ನು ತಿದ್ದುತ್ತದೆ, ದೇಹ ಮನಸ್ಸನ್ನು ತಿದ್ದುತ್ತದೆ. ಅಮೆರಿಕದ ಹಾಲ್ ಕ್ಲೆಮೆಂಟ್ ಎಂಬ ವಿಜ್ಞಾನದ ಮೇಷ್ಟ್ರು 1954ರಲ್ಲಿ ‘ಮಿಷನ್ ಆಫ್ ಗ್ರ್ಯಾವಿಟಿ’ ಎಂಬ ಕಾದಂಬರಿ ಹೊರತಂದರು. ಅದರಲ್ಲಿ ಬರುವ ಮೆಸ್ಕ್ಲಿನ್ ಎಂಬ ಗ್ರಹ ವಿಪರೀತ ವೇಗದಲ್ಲಿ ತಿರುಗುತ್ತದೆ; ಸಮಭಾಜಕದಲ್ಲಿ ಅದರ ಗುರುತ್ವ ಭೂಮಿಯ ಮೂರು ಪಟ್ಟು, ಧ್ರುವಗಳಲ್ಲಿ ನೂರಾರು ಪಟ್ಟು. ಅಲ್ಲಿನ ಜನ ಜರಿಯ ಹಾಗೆ ನೆಲಕ್ಕೆ ಅಂಟಿದ, ಹದಿನೈದು ಅಂಗುಲ ಉದ್ದದ, ಹಲವು ಕಾಲಿನ ಜೀವಿಗಳು. ನಾಲ್ಕು ಬೆರಳು ಎತ್ತರದಿಂದ ಬಿದ್ದರೂ ಸಾವು. ಆದ್ದರಿಂದ ತಲೆಯ ಮೇಲೆ ಏನಾದರೂ ಇದೆ ಎಂದರೆ ಜೀವ ಹಾರಿಹೋಗುತ್ತದೆ. ಜಿಗಿಯುವುದು, ಎಸೆಯುವುದು ಎಂಬುದು ಅವರ ಯೋಚನೆಗೇ ಬರುವುದಿಲ್ಲ. ಆದರೂ ಕಥಾನಾಯಕ ಸರಕು ಹಡಗಿನ ಕಪ್ತಾನ, ಪಕ್ಕಾ ವ್ಯಾಪಾರಿ. ಭೂಮಿಯವರ ಜೊತೆ ಚೌಕಾಸಿಗೆ ನಿಂತರೆ ಬಿಡುವವನಲ್ಲ. ಗುರುತ್ವ ಎಂಬ ಒಂದೇ ಕಾರಣದಿಂದ ಮೈಕಟ್ಟು, ಭಯ, ರೂಢಿ ಎಲ್ಲ ಹೇಗೆ ಹೊರಟಿವೆ ನೋಡಿ.

ಅಷ್ಟು ದೂರ ಹೋಗಲಾಗದಿದ್ದರೆ ನಮ್ಮ ಸಹ್ಯಾದ್ರಿಯ ಕಪ್ಪೆಗಳ ಹತ್ತಿರ ಹೋಗಿ. ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಕೊಟ್ಟಿಗೆಹಾರದ ಕುಣಿಯುವ ಕಪ್ಪೆ ಹರಿಯುವ ತೊರೆಯ ಕಲ್ಲಿನ ಮೇಲೆ ಕೂರುತ್ತದೆ. ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುವ ಜಾಗ. ಗಂಡು ಕಪ್ಪೆ ಕೂಗುವುದರ ಜೊತೆಗೆ ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಪೊರೆ ಬಿಚ್ಚಿ, ಬಾವುಟದ ಹಾಗೆ ಬೀಸುತ್ತದೆ. ಉತ್ತರ ಕನ್ನಡದ ಕಾಡುಗಳಲ್ಲಿ ಇನ್ನೊಂದಿದೆ, 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಅದಕ್ಕೆ ‘ಕುಂಬಾರ’ ಎಂದೇ ಹೆಸರಿಟ್ಟರು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಮುಂಗಾಲಿನಲ್ಲಿ ಕೆಸರು ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ.

ಮೊದಲ ಕಪ್ಪೆಯನ್ನು ಹಿಡಿದು ಒಂದು ಸಮಾಜ ಕಟ್ಟಿ ನೋಡೋಣ. ಹಗಲಿರುಳು ಭೋರ್ಗರೆಯುವ ನೀರಿನ ದಂಡೆಯಲ್ಲಿ ಒಂದು ಜನ ಇದ್ದಾರೆ ಅನ್ನಿ. ಅವರ ಮಾತೆಲ್ಲ ಕೈಯಲ್ಲಿ. ಹಾಗಾದರೆ ಕತ್ತಲಾಯಿತೆಂದರೆ ಮಾತು ನಿಂತಿತು. ದೀಪಕ್ಕೆ ಎಣ್ಣೆ ಇದ್ದವನಿಗೆ ಮಾತ್ರ ರಾತ್ರಿಯ ಮಾತು. ಇಡೀ ದಿನ ಕೈತುಂಬ ಕೆಲಸವಿರುವ ಆಳು ಇಡೀ ದಿನ ಮೂಕ. ಗುಟ್ಟು ಹೇಳಬೇಕೆಂದರೆ ಅಂಗೈಯೊಳಗೆ ಅಂಗೈ ಇಟ್ಟು ಹೇಳಬೇಕು, ಆದ್ದರಿಂದ ಕೈ ಹಿಡಿಯುವುದಕ್ಕೇ ಒಂದು ಸಂಶಯದ ವಾಸನೆ. ಕೈ ಕಟ್ಟಿ ನಿಲ್ಲುವುದು ನಮ್ಮಲ್ಲಿ ವಿನಯ, ಅಲ್ಲಿ ಅದು ಮಾತು ಬಿಟ್ಟಂತೆ. ಗಾಣಕ್ಕೆ ಕೈ ಸಿಕ್ಕಿಸಿಕೊಂಡ ಕೂಲಿಯವನ ಸಾಕ್ಷಿಯನ್ನು ಅವರ ಪಂಚರು ಒಪ್ಪುತ್ತಾರೆಯೇ? ಇಲ್ಲಿಗೆ ಬಂದಾಗ ನಿಮಗೊಂದು ಕಥೆ ಸಿಕ್ಕಿತು. ಕುಂಬಾರ ಕಪ್ಪೆಯನ್ನೂ ಇದೇ ರೀತಿ ಕೇಳಿ: ಗಂಡಸು ಮಕ್ಕಳನ್ನು ಕಾಯುವ ಲೋಕದಲ್ಲಿ ಊರೂರು ಸುತ್ತುವವರು ಯಾರು, ಆಸ್ತಿ ಯಾರ ಹೆಸರಿಗೆ, ದೇವರು ಹೆಣ್ಣೋ ಗಂಡೋ?

ಎರಡನೆಯ ಪಾಠ ವಸ್ತುಗಳದ್ದು. ನಮ್ಮ ಘಟ್ಟದಂಚಿನಲ್ಲಿ ಇರ್ಲೆ, ಕನ್ನಡ ಮಲೆನಾಡಿನಲ್ಲಿ ಗೊರಬು ಎನ್ನುವ ಮಳೆಮರೆಯನ್ನು ನೋಡಿದ್ದೀರಲ್ಲ. ಬಿದಿರಿನ ಸಲಾಕೆಗಳ ಹೆಣಿಗೆ, ನಡುವೆ ಎಲೆಗಳ ಹಾಸು. ಕೊಡೆಯನ್ನು ನಿಂತವನಿಗಾಗಿ ಮಾಡಿದ್ದಾರೆ. ಇದನ್ನು ಬಗ್ಗಿದವರಿಗಾಗಿ ಮಾಡಿದ್ದಾರೆ. ನೆಟ್ಟಗೆ ನಿಂತರೆ ಬೆನ್ನಿಗೆ ತೊಡಕು. ಭತ್ತದ ನಾಟಿಗೆ ಬಗ್ಗಿದಾಗ ತಲೆಯಿಂದ ಸೊಂಟದವರೆಗೆ ಸರಿಯಾಗಿ ಕೂತು, ನೀರು ಎರಡೂ ಪಕ್ಕಕ್ಕೆ ಹರಿದುಹೋಗಿ, ಎರಡೂ ಕೈ ಸಸಿ ಊರಲು ಬಿಡುವಾಗಿರುತ್ತವೆ. ನಾಳೆ ಬೇರೆ ಗ್ರಹದವನೊಬ್ಬ ಬಂದು ಈ ಗೊರಬೊಂದನ್ನೇ ಎತ್ತಿಕೊಂಡು ಹೋದರೂ ಇಲ್ಲಿನ ಮಳೆ ಎಷ್ಟು ದಿನ ಬಿಡದೆ ಸುರಿಯುತ್ತದೆ, ಜನರ ಬೆನ್ನು ಎಲ್ಲಿ ಬಾಗುತ್ತದೆ, ಅವರಿಗೆ ಕೈ ಎಷ್ಟಿವೆ ಎಂದು ಲೆಕ್ಕ ಹಾಕಬಹುದು. ನಿಮ್ಮ ಕಥೆಯಲ್ಲಿ ಇಂಥ ಒಂದು ವಸ್ತು ಇದ್ದರೆ ಹತ್ತು ಪುಟದ ವರ್ಣನೆ ಉಳಿಯುತ್ತದೆ. ಮೇಲೆ ಇನ್ನೊಂದು ಪಟ್ಟು: ಈಗ ಪ್ಲಾಸ್ಟಿಕ್ ಕೊಪ್ಪೆ ಬಂದು ಗೊರಬು ಮೂಲೆ ಸೇರುತ್ತಿದೆ. ಕಾರಣ ಹೋದ ಮೇಲೂ ಪದ್ಧತಿ ಉಳಿಯುತ್ತದೆ, ಇಲ್ಲವೇ ಕಾರಣ ಇದ್ದರೂ ಪದ್ಧತಿ ಹೋಗುತ್ತದೆ. ನಿಮ್ಮ ಹೊಳೆದಂಡೆಯ ಜನರ ನೀರು ಬತ್ತಲಿ. ಈಗ ಬಾಯಿಯ ಮಾತು ಕೇಳಿಸುತ್ತದೆ. ಎಳೆಯರು ಬಾಯಲ್ಲಿ ಮಾತಾಡತೊಡಗುತ್ತಾರೆ, ಮುದುಕರಿಗೆ ಅದು ಬೈಗುಳಕ್ಕಿಂತ ಕೀಳು. ಯುದ್ಧನೌಕೆಗಳಿಲ್ಲದೆಯೂ ಕಥೆ ಹೊತ್ತಿಕೊಂಡಿತು.

ಮೂರನೆಯ ಪಾಠವನ್ನು ನಿಮಗೆ ಬೇರೆಯವರು ಹೇಳಿಕೊಡಬೇಕಾಗಿಯೇ ಇಲ್ಲ: ಒಂದು ಗ್ರಹ ಎಂದರೆ ಒಂದು ಭಾಷೆ, ಒಂದು ಜನ ಅಲ್ಲ. 1956ರ ಅಕ್ಟೋಬರ್ 31ರವರೆಗೆ ಚಂದಗಡ ತಾಲೂಕು ಬೆಳಗಾವಿ ಜಿಲ್ಲೆಯದಾಗಿತ್ತು. ಮರುದಿನ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಚಂದಗಡ ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿದು ಕೊಲ್ಹಾಪುರ ಜಿಲ್ಲೆ ಸೇರಿತು. ಗೆರೆ ಬಂತು, ಸಂತೆ ನಿಲ್ಲಲಿಲ್ಲ. ಇಂದಿಗೂ ದೊಡ್ಡ ಪೇಟೆಗೆ, ದೊಡ್ಡ ಆಸ್ಪತ್ರೆಗೆ ಬೆಳಗಾವಿಯೇ. ಚಂದಗಡಿ ಮರಾಠಿಯಲ್ಲಿ ಕೊಂಕಣಿಯೂ ಇದೆ, ಕನ್ನಡವೂ ಇದೆ. ಘಟ್ಟ ಇಳಿದರೆ ಒಂದು ಮಾತು, ಸಂಕೇಶ್ವರದ ಕಡೆ ಹೊರಳಿದರೆ ಇನ್ನೊಂದು. ಹಿರಣ್ಯಕೇಶಿ ನದಿ ಆಂಬೋಲಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ ಕರ್ನಾಟಕಕ್ಕೆ ಬಂದು ಘಟಪ್ರಭೆಯನ್ನು ಸೇರುತ್ತದೆ. ಅದೇ ನದಿಯ ಮೂಲದಲ್ಲಿರುವ ದೇವಸ್ಥಾನದ ಕೊಳದಿಂದ 2020ರಲ್ಲಿ ಹೊಸ ಜಾತಿಯ ಮೀನೊಂದನ್ನು ವಿಜ್ಞಾನಿಗಳು ಗುರುತಿಸಿದರು. ನದಿಯ ಹೆಸರೇ ಅದಕ್ಕೂ ಬಂತು. ಒಂದೇ ನೀರು ಎರಡು ರಾಜ್ಯ ದಾಟುತ್ತದೆ, ಆ ನೀರಿನ ಒಂದು ಜೀವ ಕೊಳದ ಮೆಟ್ಟಿಲ ಬಳಿಯೇ ಬಾಳುತ್ತದೆ. ನಮ್ಮ ಒಂದು ಮೂಲೆಯಲ್ಲೇ ಇಷ್ಟಿರುವಾಗ ನಿಮ್ಮ ಇಡೀ ಗ್ರಹಕ್ಕೆ ಒಂದೇ ಭಾಷೆ ಸಾಕಾದೀತೇ?

ಉರ್ಸುಲಾ ಲೆ ಗ್ವಿನ್ 1969ರಲ್ಲಿ ಬರೆದ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಓದಿದವರಿಗೆ ಇದು ಗೊತ್ತು. ಸದಾ ಚಳಿಯ ಆ ಗ್ರಹದ ಜನ ತಿಂಗಳ ಬಹುಪಾಲು ದಿನ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಲೆ ಗ್ವಿನ್ ಅದಕ್ಕೇ ತೃಪ್ತರಾಗಲಿಲ್ಲ. ಆ ಗ್ರಹದಲ್ಲಿ ಎರಡು ದೇಶಗಳನ್ನಿಟ್ಟು, ನಡುವೆ ಒಂದು ಕಣಿವೆಯ ಗಡಿ ತಕರಾರನ್ನೂ ಇಟ್ಟರು. ಗಡಿಯಲ್ಲಿ ಬೆಳೆದ ನಮಗೆ ಆ ಪುಟಗಳು ತೀರಾ ಪರಿಚಿತ ಅನಿಸುತ್ತವೆ. ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ಬೇರೆ ಜನರ ಬದುಕನ್ನು ಗೌರವದಿಂದ ವಿಚಾರಿಸುವ ಮಾತುಗಳು ಕಿವಿಗೆ ಬೀಳುತ್ತಿದ್ದ ಮನೆಯಲ್ಲಿ ಆಕೆ ಬೆಳೆದರು.

ಅದಕ್ಕೇ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ನಿಮಗಾಗದ ಪಕ್ಕದವರನ್ನು ತಂದು, ಹಸಿರು ಬಣ್ಣ ಬಳಿದು, ಶತ್ರುಗ್ರಹದವರು ಎಂದು ಕೂರಿಸಬೇಡಿ. ‘ಆ ಕಡೆಯವರು ಹೀಗೆಯೇ’ ಎಂಬ ಮಾತನ್ನು ಗಡಿಯ ಎರಡೂ ಬದಿಯಲ್ಲಿ ಕೇಳುತ್ತ ಬೆಳೆದವರು ನಾವು. ಅದು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ, ಎಷ್ಟು ಸುಳ್ಳು ಎಂಬುದೂ ನಮಗೆ ಗೊತ್ತು. ನಿಮ್ಮ ಅನ್ಯಲೋಕದವರಲ್ಲಿ ಜಿಪುಣನೂ ಇರಲಿ, ಕೊಡುಗೈಯವನೂ ಇರಲಿ, ದೇವರನ್ನು ನಂಬದ ಪೂಜಾರಿಯೂ ಇರಲಿ. ಅವರು ಯಾವುದಕ್ಕೆ ನಗುತ್ತಾರೆ ಎಂದು ಕಂಡುಹಿಡಿಯಿರಿ. ನಗು ಗೊತ್ತಾಗದ ಜನರ ಬಗ್ಗೆ ಬರೆದರೆ ಅದು ವರದಿಯಾಗುತ್ತದೆ.

ಕೊನೆಗೆ ಕೆಲಸದ ಮಾತು. ಬಾಯಿ ತಿರುಗದ ಹೆಸರುಗಳನ್ನು ರಾಶಿ ಹಾಕಬೇಡಿ. ಆ ಬಾಯಿಗೆ, ಆ ಗಂಟಲಿಗೆ ಬರುವಂಥ ನಾಲ್ಕು ಹೆಸರು ಸಾಕು. ನೋಟುಪುಸ್ತಕದಲ್ಲಿ ಗ್ರಹದ ಬಗ್ಗೆ ಎಷ್ಟಾದರೂ ಬರೆದಿಡಿ, ಕಥೆಗೆ ಅದರಲ್ಲಿ ಚೂರು ಮಾತ್ರ ತನ್ನಿ. ಇಡೀ ವಿಶ್ವ ಸೃಷ್ಟಿಸುವ ಅವಸರ ಬೇಡ. ಬರುವ ಮಳೆಗಾಲದಲ್ಲಿ ಒಂದು ಗ್ರಹದ ಒಂದೇ ಕೇರಿಯನ್ನು ಕಟ್ಟಿ. ಅಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ತೀರ್ಮಾನಿಸಿ, ಆ ನೀರಿಗಾಗಿ ಇಬ್ಬರಿಗೆ ಜಗಳ ಹಚ್ಚಿ, ಇಬ್ಬರ ಮಾತೂ ಸರಿಯೆನಿಸುವ ಹಾಗೆ ಬರೆಯಿರಿ. ಅಷ್ಟು ಬಂದರೆ ಗ್ರಹ ಬಂತು.