ಪಕ್ಕದ ಸೀಟಿನವರೇ ಹೇಳಿಕೊಡುವಾಗ ಸ್ಟ್ಯಾಕ್ ಓವರ್‌ಫ್ಲೋ ಯಾಕೆ?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಏನು ಕೇಳಿದರೂ ಹೇಳಿಕೊಡುವವರಿದ್ದಾರೆ. ಆದರೂ ನಮ್ಮ ಹುಡುಗರು ಸದಾ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣದಲ್ಲಿರುತ್ತಾರೆ. ಒಳಗೇ ಉತ್ತರ ಸಿಗುವಾಗ ಹೊರಗೆ ಹೋಗುವುದು ಕಡಿಮೆಯಾಗಬೇಕಲ್ಲವೇ?

ಉತ್ತರ: ಕೆಲವು ಪ್ರಶ್ನೆಗಳ ಮಟ್ಟಿಗೆ ಕಡಿಮೆಯಾಗಿಯೇ ಆಗುತ್ತದೆ. ನಿಮ್ಮ ಬಿಲ್ಲಿಂಗ್ ಕೋಡನ್ನು ಯಾರೋ ಹಿಂದೆ ಯಾಕೆ ಹಾಗೆ ಬರೆದಿಟ್ಟರು ಎನ್ನುವುದು ಪಕ್ಕದ ಸೀಟಿನ ಸೀನಿಯರ್‌ಗಷ್ಟೇ ಗೊತ್ತು. ಆದರೆ ಪೈಥಾನ್ ಆವೃತ್ತಿ ಬದಲಾದ ಮೇಲೆ ಬಂದ ಎರರ್? ಅದನ್ನು ಆ ಸೀನಿಯರ್ ಕೂಡ ಗೂಗಲ್ ಮಾಡಿಯೇ ಹೇಳಬೇಕು.

ಇನ್ನೊಂದು ವಿಷಯ. ಅಲ್ಲಿಗೆ ಹೋಗುವವರೆಲ್ಲ ಕೇಳುವುದಕ್ಕೇ ಹೋಗುವುದಿಲ್ಲ, ಉತ್ತರ ಕೊಡುವುದಕ್ಕೂ ಹೋಗುತ್ತಾರೆ. ಪುಕ್ಕಟೆ ದುಡಿಮೆ ಯಾಕೆ ಅನ್ನಬಹುದು. ಅಪಾಚೆ ವೆಬ್ ಸರ್ವರ್ ಬಳಕೆದಾರರು ಆನ್‌ಲೈನ್‌ನಲ್ಲಿ ಪರಸ್ಪರ ನೆರವಾಗುವುದನ್ನು ಕರೀಮ್ ಲಖಾನಿ ಮತ್ತು ಎರಿಕ್ ವಾನ್ ಹಿಪ್ಪೆಲ್ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಉತ್ತರ ಕೊಡುವವರ ಹೊತ್ತಿನಲ್ಲಿ ನೂರಕ್ಕೆ 98 ಪಾಲು ಬೇರೆಯವರ ಪ್ರಶ್ನೋತ್ತರ ಓದಿ ತಾವೇ ಕಲಿಯುವುದಕ್ಕೆ ಹೋಗುತ್ತಿತ್ತು. ಉತ್ತರ ಬರೆಯುವುದು ಕೆಲವೇ ನಿಮಿಷದ ಕೆಲಸ.

ಕಲಿಕೆಯ ಜೊತೆಗೆ ಹೆಸರೂ ಬೇಕು. ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರು ಊಟ-ತಿಂಡಿಯ ಹರಟೆಯಲ್ಲೇ ಮೆಷಿನ್ನಿನ ಗುಟ್ಟುಗಳನ್ನು ಹಂಚಿಕೊಳ್ಳುತ್ತಿದ್ದುದನ್ನು ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ವಿವರವಾಗಿ ಬರೆದಿದ್ದಾರೆ. 1990ರ ದಶಕದಲ್ಲಿ ಕಂಪನಿ ಅಂಥ ಗುಟ್ಟುಗಳಿಗಾಗಿ ‘ಯುರೇಕಾ’ ಎಂಬ ವ್ಯವಸ್ಥೆ ಕಟ್ಟಿದಾಗ, ದುಡ್ಡಿನ ಬಹುಮಾನ ಬೇಡ, ಸಲಹೆಯ ಜೊತೆ ನಮ್ಮ ಹೆಸರಿರಲಿ ಅಂದರಂತೆ ತಂತ್ರಜ್ಞರು. 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಒಳ್ಳೆಯ ಉತ್ತರಕ್ಕೆ ಹೆಸರಿನ ಜೊತೆ ಸಿಗುವ ಅಂಕಗಳ ಹಿಂದೆಯೂ ಇದೇ ಲೆಕ್ಕವಿದೆ. ಆಫೀಸಿನೊಳಗೆ ಹೇಳಿಕೊಟ್ಟು ರುಚಿ ಹತ್ತಿದವರು ಹೊರಗೂ ಬರೆಯತೊಡಗುತ್ತಾರೆ ಅನ್ನುವುದು ನನ್ನ ಅಂದಾಜು. ನಿಮ್ಮ ಹುಡುಗರು ಅಲ್ಲಿ ಬರೀ ಕೇಳುತ್ತಿದ್ದಾರೋ, ಉತ್ತರವನ್ನೂ ಕೊಡುತ್ತಿದ್ದಾರೋ ನೋಡಿ.

ಬರೀ ಕೇಳುತ್ತಿದ್ದರೆ ಸ್ವಲ್ಪ ವಿಚಾರಿಸಬೇಕು. ಹೇಳಿಕೊಡುವವರಿದ್ದಾರೆ ಅಂದಿರಿ, “ಇಷ್ಟೂ ಗೊತ್ತಿಲ್ವಾ?” ಅಂತ ಎಲ್ಲರೆದುರು ಅನ್ನುವವರು ಇಲ್ಲ ತಾನೆ? ಇದ್ದರೆ, ಅಡ್ಡಹೆಸರಿಟ್ಟುಕೊಂಡು ಅಪರಿಚಿತರನ್ನು ಕೇಳುವುದೇ ವಾಸಿ ಅನ್ನಿಸುತ್ತದೆ. (ಅಲ್ಲೂ ಭಾರೀ ಮೃದು ಸ್ವಭಾವದವರಿದ್ದಾರೆ ಅಂದುಕೊಳ್ಳಬೇಡಿ. ಈಗಾಗಲೇ ಕೇಳಿದ ಪ್ರಶ್ನೆ ಎಂದು ಮುಲಾಜಿಲ್ಲದೆ ಬಾಗಿಲು ಹಾಕುತ್ತಾರೆ.)

ತಡೆಯಬೇಕಾದದ್ದು ಒಂದೇ: ಕಂಪನಿಯ ಕೋಡನ್ನು ಇದ್ದ ಹಾಗೇ ಹೊರಗೆ ಅಂಟಿಸುವುದು. ಗ್ರಾಹಕರ ವಿವರ, ಪಾಸ್‌ವರ್ಡ್ ಎಲ್ಲ ತೆಗೆದು, ತೊಂದರೆಯಿರುವ ಹತ್ತು ಸಾಲನ್ನಷ್ಟೇ ಬೇರೆ ಫೈಲಿನಲ್ಲಿ ಓಡಿಸಿ ನೋಡಿ ಆಮೇಲೆ ಕೇಳಲಿ. ಎಷ್ಟೋ ಸಲ ಆ ಹತ್ತು ಸಾಲು ಬೇರ್ಪಡಿಸುವಾಗಲೇ ತಪ್ಪು ಸಿಕ್ಕಿಬಿಡುತ್ತದೆ.