ಅಲೆಗಳ ಅಂಚೆ

ಹಿಂದೆ ಮೈಸೂರು ಸಂಸ್ಥಾನದಲ್ಲಿ ಅಂಚೆಯಿದ್ದಂತೆ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಲ್ಲಿ ‘ಅಂಚಲ್’ ಎಂಬ ಏರ್ಪಾಡಿದ್ದಿತು. ಗೆಜ್ಜೆಗೋಲು ಹಿಡಿದು ಓಡುವವನು ತನ್ನ ಪಾಲಿನ ದಾರಿ ಮುಗಿದೊಡನೆ ಚೀಲವನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದನು. ಅಂಚಲ್ 1951ರಲ್ಲಿ ಭಾರತದ ಅಂಚೆ ಇಲಾಖೆಯೊಡನೆ ಸೇರಿಹೋಯಿತು. ಅದರ ಉಪಾಯವು ಮಾತ್ರ ಇಂದಿಗೂ ಮೊಬೈಲ್ ದೂರವಾಣಿಗೆ ಬೇಕಾಗಿದೆ.

ಕೇರಳದ ಮೊದಲ ಮೊಬೈಲ್ ಕರೆಯನ್ನು 1996ರ ಸೆಪ್ಟೆಂಬರ್ 17ರಂದು ಕೊಚ್ಚಿಯಲ್ಲಿ ಮಾಡಿದವರು, ‘ಚೆಮ್ಮೀನ್’ ಕಾದಂಬರಿಯಲ್ಲಿ ಮೀನುಗಾರರ ಬಾಳನ್ನು ಚಿತ್ರಿಸಿದ ತಕಳಿ ಶಿವಶಂಕರ ಪಿಳ್ಳೆಯವರು. ಆದರೆ ಮೀನುಗಾರನು ದಡದಿಂದ ದೂರ ಸರಿದಂತೆ ಈ ಯಂತ್ರವು ಮೂಕವಾಗುತ್ತದೆ. 2017ರ ನವೆಂಬರ್ 30ರಂದು ಒಖಿ ಚಂಡಮಾರುತ ಬೀಸಿದಾಗ, ತಿರುವನಂತಪುರದ ಪೂಂತುರ, ವಿಳಿಂಜಂಗಳಿಂದ ಮೊದಲೇ ಕಡಲಿಗಿಳಿದಿದ್ದ ಅನೇಕರಿಗೆ ಎಚ್ಚರಿಕೆಯು ಮುಟ್ಟಲಿಲ್ಲ. ಹಲವರು ಮರಳಿ ಬರಲೇ ಇಲ್ಲ.

ಅಲೆಯು ಅಷ್ಟು ದೂರ ಹೋಗದೇಕೆ? ಕಾರಣಗಳೆರಡು. ಮೊದಲನೆಯದು, ಅಲೆಯು ಹರಡುತ್ತ ಸಾಗುವುದರಿಂದ ದೂರ ಇಮ್ಮಡಿಯಾದರೆ ಬಲವು ಕಾಲುಪಾಲಿಗೆ ಇಳಿಯುತ್ತದೆ. ಎರಡನೆಯದು, ಭೂಮಿಯು ಗುಂಡಗಿದೆ. ಗೋಪುರದ ಎತ್ತರದ ಮೀಟರುಗಳ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 36 ಮೀಟರಿನ ಗೋಪುರಕ್ಕೆ ಅದು ಸುಮಾರು 21 ಕಿಲೋಮೀಟರು. ಗೋಪುರವನ್ನು ನಾಲ್ಮಡಿ ಎತ್ತರಿಸಿದರೂ ದೂರವು ಇಮ್ಮಡಿಯಾಗುವುದಷ್ಟೆ!

ಆದುದರಿಂದ ನಡುವೆ ಒಬ್ಬ ಅಂಚೆಯವನು ಬೇಕು. ಇವನೇ ರಿಲೇ ಕೇಂದ್ರ. ದೋಣಿಯೊಂದರ ಮೇಲೆ 9 ಮೀಟರಿನ ಕಂಬವಿದ್ದರೆ ಅದು ಗೋಪುರವನ್ನು ಸುಮಾರು 32 ಕಿಲೋಮೀಟರಿನಿಂದಲೇ ‘ಕಾಣಬಲ್ಲದು’. ಅಲ್ಲಿಂದ ಅಂತಹುದೇ ಇನ್ನೊಂದು ದೋಣಿಗೆ ಮತ್ತೆ 21 ಕಿಲೋಮೀಟರು ಮುಂದಕ್ಕೆ ಸುದ್ದಿಯನ್ನು ದಾಟಿಸಬಲ್ಲದು. ಈ ಎರಡು ನಗರಗಳ ನಡುವಣ ಕೊಲ್ಲಂ ಜಿಲ್ಲೆಯಲ್ಲಿ, ಅಮೃತ ವಿಶ್ವವಿದ್ಯಾಪೀಠದವರು ‘ಓಷನ್‌ನೆಟ್’ ಎಂಬ ಪ್ರಯೋಗದಲ್ಲಿ ದೋಣಿಗಳನ್ನೇ ಹೀಗೆ ಕೊಂಡಿಗಳನ್ನಾಗಿ ಮಾಡಿದರು.

ಸಾಧಾರಣ ರಿಪೀಟರು ಬಂದ ಅಲೆಯನ್ನು ಗದ್ದಲಸಹಿತವಾಗಿ ಹಿಗ್ಗಿಸುತ್ತದೆ. ಉತ್ತಮ ರಿಲೇಯಾದರೋ ಸುದ್ದಿಯನ್ನು ಓದಿಕೊಂಡು, ತಪ್ಪು ತಿದ್ದಿ, ಹೊಸದಾಗಿ ಬರೆದು ಕಳುಹಿಸುತ್ತದೆ. ನಗರದಲ್ಲಿ ಎತ್ತರದ ಕಟ್ಟಡಗಳ ಮರೆಯಲ್ಲಿರುವವರಿಗೂ ಇದು ನೆರವು. ಬಲವಾದ ಅಲೆಯು ಅದೇ ಹೊತ್ತಿನಲ್ಲಿ ಹೆಚ್ಚು ಸುದ್ದಿಯನ್ನು ಹೊರುವುದರಿಂದ, ಉಳಿದವರಿಗೂ ಅವಕಾಶ ದೊರೆಯುತ್ತದೆ.

ಆದರೆ ಇದಕ್ಕೂ ಬೆಲೆಯುಂಟು. ಒಂದೇ ತರಂಗದಲ್ಲಿ ಸರದಿಯಂತೆ ಕೇಳಿ ಹೇಳುವ ರಿಲೇಗೆ ಅರ್ಧ ಕಾಲವು ಕೇಳುವುದರಲ್ಲಿಯೇ ಕಳೆಯುತ್ತದೆ. ಕೈಗಳು ಹೆಚ್ಚಿದಂತೆ ತಡವೂ ಹೆಚ್ಚುತ್ತದೆ. ಆದರೂ ಬಿರುಗಾಳಿಯ ದಿನ ತಡವಾಗಿ ಬಂದ ಒಂದು ಮಾತು, ಬಾರದೆ ಹೋದ ನೂರು ಮಾತುಗಳಿಗಿಂತ ಮೇಲು ಎಂಬುದನ್ನು ನಾವು ಮರೆಯಬಾರದು.